ಅರ್ಜಿಯ ಕೊನೆಯ ಸಾಲು

ಸರ್ಕಾರಿ ಕಚೇರಿಯ ಗೇಟಿನ ಪಕ್ಕ ಟೈಪ್‌ರೈಟರ್ ಇಟ್ಟುಕೊಂಡು ಇಪ್ಪತ್ತೆರಡು ವರ್ಷದಿಂದ ಜನರ ಅರ್ಜಿ ಬರೆದುಕೊಡುತ್ತಿದ್ದವರನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಅರ್ಜಿ ಮಾವ’ ಎಂದೇ. ಮಾವನಿಗೆ ಹೆಮ್ಮೆಯಿದ್ದದ್ದು ತಮ್ಮ ಅರ್ಜಿಗಳ ಮುಕ್ತಾಯದ ಬಗ್ಗೆ. ಯಾರ ಗೋಳಾದರೂ ಸರಿ, ‘ನನ್ನಿಂದಾದ ತಪ್ಪನ್ನು ಮನ್ನಿಸಿ ಪರಿಹಾರ ಒದಗಿಸಬೇಕೆಂದು ಪ್ರಾರ್ಥನೆ’ ಎಂದೇ ಮುಗಿಯಬೇಕು. ಹಾಗೆಂದರೆ ಸಾಹೇಬರ ಮನಸ್ಸು ಬೆಣ್ಣೆಯಾಗುತ್ತದೆಂದು ಅವರ ನಂಬಿಕೆ. ನಲ್ಲಿಯಲ್ಲಿ ನೀರಿಲ್ಲವೆಂದು ದೂರಲು ಬಂದವನೂ ಕ್ಷಮೆ ಕೇಳಿಯೇ ಹೋಗಿದ್ದ.

ಆ ಬೆಣ್ಣೆ ಈಗ ಕಾದು ಕೈ ಸುಟ್ಟಿತ್ತು. ಬಟ್ಟೆ ಕದ್ದಳೆಂದು ಹೊಲಿಗೆ ಕಾರ್ಖಾನೆ ಕೆಲಸದಿಂದ ತೆಗೆದಿದ್ದ ಹೆಂಗಸು ಎದುರಿಗೆ ನಿಂತಿದ್ದಳು. ಓದು ಬಾರದವಳು, ಕಾರ್ಮಿಕ ಅಧಿಕಾರಿಗೆಂದು ಮಾವ ಟೈಪು ಮಾಡಿಕೊಟ್ಟ ದೂರಿಗೆ ನಂಬಿ ಹೆಬ್ಬೆಟ್ಟು ಒತ್ತಿದ್ದಳು.

“ತಪ್ಪು ನೀನೇ ಒಪ್ಕೊಂಡಿದ್ದೀಯಲ್ಲಮ್ಮ ಅಂದ್ರು ಸಾಹೇಬ್ರು. ನಾನ್ಯಾವಾಗ ಒಪ್ಕೊಂಡೆ ಮಾವ? ನಾಳೆ ವಿಚಾರಣೆ ಮುಗಿಸ್ತಾರಂತೆ.”

“ಅದು ಮರ್ಯಾದೆಗೆ ಹಾಕೋ ಮಾತು ಕಣಮ್ಮ.”

“ನಿಮ್ಮ ಮರ್ಯಾದೆಗೆ ನಾನು ಕಳ್ಳಿ ಆದ್ನಾ?”

ಮಧ್ಯಾಹ್ನ ಊಟಕ್ಕೆ ಕೂತು ಮಾವ ಎಲ್ಲವನ್ನೂ ಹೆಂಡತಿಗೆ ಹೇಳಿದರು. ಆಕೆ ಶಾಲೆಯಲ್ಲಿ ಸಂಸ್ಕೃತ ಕಲಿಸುವವರು. “ಏನಾದ್ರೂ ಪರಿಹಾರ ಸಿಗತ್ತೆ ಬಿಡು ಅವಳಿಗೆ” ಎಂದು ಮಾವ ತಮ್ಮನ್ನೇ ತಾವು ಸಮಾಧಾನ ಮಾಡಿಕೊಂಡರು.

“ಸಿಗೋದಲ್ಲ ರೀ. ಆ ಪದ ‘ಹೃ’ ಅನ್ನೋ ಧಾತುವಿಂದ ಬಂದಿದ್ದು. ಪರಿಹಾರ ಅಂದ್ರೆ ಮೊದಲು ತೆಗೆದುಹಾಕೋದು. ಇಷ್ಟು ವರ್ಷ ಅದೇ ಪದ ಕುಟ್ಟಿದ್ದೀರಿ, ಒಂದ್ಸಲ ನನ್ನ ಕೇಳ್ಬಾರ್ದಿತ್ತಾ?”

“ಯಾರು ತೆಗೀಬೇಕು?”

“ಹಾಕಿದೋರು.”



ಮರುದಿನ ಬೆಳಗ್ಗೆ ಮಾವ ಕಚೇರಿಯ ಹೊಸಿಲು ದಾಟಿದರು. ಇಷ್ಟು ವರ್ಷ ಒಳಗೆ ಹೋಗಿದ್ದದ್ದು ಅವರ ಕಾಗದಗಳು ಮಾತ್ರ.

“ಆ ಸಾಲು ನಂದು ಸಾರ್, ಅವಳದಲ್ಲ. ಎಲ್ಲರಿಗೂ ಹಾಕ್ತೀನಿ.”

ಸಾಹೇಬರು ಕನ್ನಡಕ ತೆಗೆದರು. “ಹಾಗಂತ ಬರೆದು ಕೊಡಿ, ನೋಡೋಣ. ಆದ್ರೆ ನಾಳೆಯಿಂದ ನಿಮ್ಮ ಹತ್ರ ಯಾರು ಅರ್ಜಿ ಬರೆಸ್ತಾರೆ, ಅದನ್ನೂ ಯೋಚನೆ ಮಾಡಿ.”

ಮಾವ ಅದನ್ನು ಯೋಚಿಸುತ್ತಲೇ ಗೇಟಿಗೆ ಬಂದು ಹಾಳೆ ಸಿಕ್ಕಿಸಿದರು. ‘ಓದು ಬಾರದ ಈಕೆ ಹೇಳದ ಮಾತನ್ನು ಈಕೆಯ ಅರ್ಜಿಗೆ ನಾನೇ ಸೇರಿಸಿದ್ದೇನೆ.’ ಮುಕ್ತಾಯಕ್ಕೆ ಬರುವಷ್ಟರಲ್ಲಿ ಬೆರಳುಗಳು ತಾವಾಗಿಯೇ ಹಳೆಯ ಹಾದಿ ಹಿಡಿದವು: ‘ನನ್ನಿಂದಾದ ತಪ್ಪನ್ನು ಮನ್ನಿಸಿ...’ ಈ ಸಲ ತಪ್ಪು ನಿಜಕ್ಕೂ ತಮ್ಮದೇ; ಮಾವ ಅವನ್ನು ತಡೆಯಲಿಲ್ಲ.

ಸಹಿಗೆ ಪೆನ್ನು ಎತ್ತಿದಾಗ, ವಿಚಾರಣೆಗೆಂದು ಬಂದು ಪಕ್ಕದಲ್ಲೇ ನಿಂತಿದ್ದ ಹೆಂಗಸು ಹಾಳೆಯ ಮೇಲೆ ಕೈಯಿಟ್ಟಳು.

“ಓದಿ ಹೇಳಿ.”

ಓದಿದರು.

“ಇನ್ನೊಂದ್ಸಲ” ಎಂದಳು. ‘ಮಾವ’ ಎಂದು ಕರೆಯಲಿಲ್ಲ.