ಸಿಹಿಕಲ್ಲಿನ ಹನ್ನೆರಡು ಸೆಕೆಂಡು

ಅಂಕೋಲೆಯ ಮೀನುಪೇಟೆಯಲ್ಲಿ ಕಲಾವತಿ ಹರಿಕಂತ್ರಳ ಹತ್ತಿರ ಚೌಕಾಸಿ ಮಾಡಿ ಗೆದ್ದವರಿಲ್ಲ. ಐವತ್ತೆಂಟರ ಹೆಂಗಸು, ಕೋಡಿಬಾಗದಲ್ಲಿ ಹುಟ್ಟಿ ಮದುವೆಯಾಗಿ ಈ ದಂಡೆಗೆ ಬಂದವಳು. ಹಳಸಿದ ಬಂಗಡೆ ಕೊಟ್ಟಳೆಂದು ಇಪ್ಪತ್ತು ವರ್ಷದ ಹಿಂದೆ ಸುಳ್ಳು ಹೇಳಿದ ಹೋಟೆಲಿನವನಿಗೆ ಇವತ್ತಿಗೂ ಅವಳು ಮೀನು ಕೊಡುವುದಿಲ್ಲ. ಅಂಥವಳ ಗಂಡನನ್ನು ರೂಪೇಶ ಟೀವಿಯಲ್ಲಿ ನಗೆಪಾಟಲು ಮಾಡಿದ. ಅವನ ಆಯುಷ್ಯದಲ್ಲೇ ಅಷ್ಟು ದೊಡ್ಡ ತಪ್ಪು ಬೇರೆ ಆಗಿರಲಿಕ್ಕಿಲ್ಲ.

ಅವರ ಊರಿನ ಗುಡ್ಡದ ಬುಡದಲ್ಲಿ, ಸಮುದ್ರದೊಳಗೆ, ಒಂದು ಕರಿಬಂಡೆಯಿದೆ. ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಇಳಿತದಲ್ಲಿ ಮಾತ್ರ ಅದು ಹೊರಗೆ ಕಾಣುತ್ತದೆ. ಆಗ ಅದರ ಬಿರುಕಿನಿಂದ, ಸುತ್ತ ಉಪ್ಪುನೀರಿದ್ದರೂ, ಎಳನೀರಿನಂಥ ಸಿಹಿನೀರು ಉಕ್ಕುತ್ತದೆ. ಸಿಹಿಕಲ್ಲು ಎಂದೇ ಅದರ ಹೆಸರು. ಕಲಾವತಿಯ ಗಂಡ ಸೋಮು ಚಿಕ್ಕಂದಿನಿಂದ ಆ ನೀರು ಕುಡಿದು ಬೆಳೆದವನು.

ನಾಲ್ಕು ವರ್ಷದ ಹಿಂದೆ ‘ವಿಚಿತ್ರ ನಿಸರ್ಗ’ ಎಂಬ ಟೀವಿ ಸರಣಿಯವರು ಬಂದಾಗ ಅವರನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದ್ದು ಸೋಮು. ಗುಡ್ಡದ ಮೇಲೆ ಬಿದ್ದ ಮಳೆ ನೆಲದೊಳಗೆ ಇಳಿದು ಇಲ್ಲಿ ಮೇಲೇಳುತ್ತದೆ ಎಂದು ವಿವರಿಸಿದ್ದೂ ಅವನೇ. ಅವನ ಮಾತಿನಲ್ಲಿ ಅರ್ಧ ಕೊಂಕಣಿ. ಅದಕ್ಕೇ ದಂಡೆಯಲ್ಲಿ ಹೋಮ್‌ಸ್ಟೇ ನಡೆಸುವ ರೂಪೇಶ ಪಕ್ಕದಲ್ಲಿ ನಿಂತು ಶುದ್ಧ ಕನ್ನಡದಲ್ಲಿ ತಿಳಿಸಿ ಹೇಳಿದ.

ಕಾರ್ಯಕ್ರಮ ಬರುವ ದಿನ ಸೋಮು ಬೇಸನ್ ಲಾಡು ತಂದು ಓಣಿಯವರನ್ನೆಲ್ಲ ಟೀವಿ ಮುಂದೆ ಕೂರಿಸಿದ. ತೆರೆಯ ಮೇಲೆ ರೂಪೇಶ ಕಾಣಿಸಿಕೊಂಡ. ಕೆಳಗೆ ‘ಸಂಶೋಧಕ’ ಎಂದು ಬರೆದಿತ್ತು. ಮಳೆಯ ಮಾತು, ಗುಡ್ಡದ ಮಾತು ಎಲ್ಲ ಅವನದೇ ಆಗಿತ್ತು. “ಇಲ್ಲಿನ ಮೀನುಗಾರರು ಇದನ್ನು ದೆವ್ವದ ನೀರು ಎಂದು ಹೆದರುತ್ತಿದ್ದರು. ಮೊದಲು ಕುಡಿದು ನೋಡಿದವನು ನಾನು” ಎಂದ. ಆ ಮಾತಿಗೆ ಸರಿಯಾಗಿ ಸೋಮುವನ್ನು ತೋರಿಸಿದರು. ಕುಡಿಯುವ ಮೊದಲು ನೀರಿಗೆ ಕೈ ಮುಗಿಯುವುದು ಅವನ ರೂಢಿ. ಅವನು ಕೈ ಮುಗಿದದ್ದನ್ನು ಮಾತ್ರ ತೋರಿಸಿದರು, ಕುಡಿದದ್ದನ್ನು ತೋರಿಸಲಿಲ್ಲ. ಒಟ್ಟು ಹನ್ನೆರಡು ಸೆಕೆಂಡು. ಆಮೇಲೆ ಮೊಬೈಲಿನಲ್ಲಿ ಮತ್ತೆ ಮತ್ತೆ ಹಾಕಿ ಕಲಾವತಿಯೇ ಎಣಿಸಿದ್ದಳು.

ಪೇಟೆಯಲ್ಲಿ ‘ದೆವ್ವದ ಸೋಮು’ ಎಂಬ ಹೆಸರು ಅಂಟಿಕೊಂಡಿತು. ಅವನು ಮತ್ತೆ ಆ ಕಲ್ಲಿನ ಕಡೆ ದೋಣಿ ತಿರುಗಿಸಲಿಲ್ಲ. ಎರಡು ಮಳೆಗಾಲ ಕಳೆದು ಎದೆನೋವಿನಲ್ಲಿ ತೀರಿಕೊಂಡ. ಡಾಕ್ಟರು ಹೃದಯ ಎಂದರು. ಕಲಾವತಿ ರೂಪೇಶ ಎಂದಳು.

ಈ ಪುಷ್ಯಮಾಸದಲ್ಲಿ ರೂಪೇಶ ಹಲ್ಲು ಕಿರಿಯುತ್ತ ಅವಳ ಅಂಗಳಕ್ಕೆ ಬಂದ. ಸರಣಿಯವರು ಈ ಸಲ ನೇರಪ್ರಸಾರ ಮಾಡುತ್ತಾರಂತೆ.

“ಕಲಾವತಕ್ಕಾ, ಬರೂ ಸೋಮವಾರ ಹಗಲಿಗೆ ಇಳತ ಎಷ್ಟೊತ್ತಿಗೆ?”

ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು. ಅಷ್ಟಮಿ.

“ಮಧ್ಯಾಹ್ನ ಹನ್ನೆರಡಕ್ಕೆ.”

“ಫೋನಲ್ಲೂ ಅದೇ ತೋರಸ್ತದೆ.”

“ಮತ್ತೆಂತ? ಫೋನ್ ಸುಳ್ಳು ಹೇಳೂದುಂಟಾ?”

ಸುಳ್ಳು ಯಾರೂ ಹೇಳಿರಲಿಲ್ಲ. ಆದರೆ ಅಷ್ಟಮಿಯ ದಿನ ಸಮುದ್ರ ಅರ್ಧ ಮನಸ್ಸಿನಿಂದ ಹಿಂದೆ ಸರಿಯುತ್ತದೆ, ಕಲ್ಲು ಹೊರಗೆ ಬರುವುದೇ ಇಲ್ಲ. ಮೀನುಗಾರರ ಮನೆಯಲ್ಲಿ ತೊಟ್ಟಿಲ ಮಗುವಿಗೂ ಗೊತ್ತಿರುವ ಸಂಗತಿ. ರೂಪೇಶ ತನ್ನ ಅತಿಥಿಗಳನ್ನು ಯಾವಾಗಲೂ ಸೋಮು ಹೇಳಿದ ದಿನವೇ ಕರೆದೊಯ್ಯುತ್ತಿದ್ದ. ಆ ದಿನವೇ ಏಕೆ ಎಂದು ಸಂಶೋಧಕ ಮಹಾಶಯ ಒಮ್ಮೆಯೂ ಕೇಳಿರಲಿಲ್ಲ.

ಸೋಮವಾರ ಕಲಾವತಿ ಮೀನುಪೇಟೆಯ ಹೆಂಗಸರನ್ನೆಲ್ಲ ದಂಡೆಗೆ ಕರೆದಳು. ಡಬ್ಬಿ ತುಂಬ ಬೇಸನ್ ಲಾಡು ತಂದಿದ್ದಳು. ರೂಪೇಶ ಇಸ್ತ್ರಿಯ ಅಂಗಿ ತೊಟ್ಟು, ಸೊಂಟದವರೆಗಿನ ನೀರಿನಲ್ಲಿ ನಿಂತು, ಕ್ಯಾಮೆರಾಕ್ಕೆ “ಇನ್ನೇನು ಕಲ್ಲು ಕಾಣುತ್ತದೆ” ಎಂದ. ಹನ್ನೆರಡಾಯಿತು. ಹನ್ನೆರಡೂಕಾಲಾಯಿತು. “ಇನ್ನೇನು” ಎಂದು ಇನ್ನೂ ನಾಲ್ಕು ಸಲ ಹೇಳಿದ. ಅಷ್ಟರಲ್ಲಿ ನೀರು ಏರಲು ಶುರುವಾಗಿ ಒಂದು ತೆರೆ ಅವನ ಬಾಯಿಗೇ ಬಡಿಯಿತು.

“ಕಲಾವತಕ್ಕಾ, ಅಂವ ಸಿಹಿನೀರು ಕುಡಿದಾಯ್ತು ನೋಡು!” ಎಂದು ಪೇಟೆಯಲ್ಲಿ ಅವಳ ಪಕ್ಕ ಮೀನು ಮಾರುವ ಬೇಬಿ ಕೂಗಿದಳು. ದಂಡೆಯಲ್ಲಿ ಕೂತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಆ ನಗುವೂ ನೇರಪ್ರಸಾರದಲ್ಲಿ ಹೋಯಿತು. ಕಲಾವತಿಯ ಹೊಟ್ಟೆ ತಣ್ಣಗಾಯಿತು. ಒಂದಾದ ಮೇಲೊಂದು ಎರಡು ಲಾಡು ತಿಂದಳು.

ಸರಣಿಯ ನಿರ್ದೇಶಕಿ ವಿನುತಾ ಮರಳಿನಲ್ಲಿ ಓಡಿ ಬಂದಳು. “ಅಮ್ಮಾ, ಕಲ್ಲು ಕಾಣಲ್ಲ ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳೂಕೆ ನನ್ನ ಗಂಡ ಇದ್ದಿದ್ರು. ಅವರನ್ನ ನೀವು ದೆವ್ವಕ್ಕೆ ಹೆದರೂರು ಮಾಡಿದ್ರಿ.”

ವಿನುತಾ ಹೊಸಬಳು, ಅವಳಿಗೆ ಹಳೆಯ ಕಥೆ ತಿಳಿಯದು. ಕೂತು ಎಲ್ಲ ಕೇಳಿದಳು. ನಿಮ್ಮ ಗಂಡನ ಹೆಸರು ಹಾಕುತ್ತೇವೆ, ಕಲ್ಲು ತೋರಿಸಿ ಎಂದು ಬೇಡಿಕೊಂಡಳು.

“ಬರೂ ಸೋಮವಾರ ಅಮಾಸೆ. ಸಂಜೆ ಐದಕ್ಕೆ ನಾನೇ ತೋರಸ್ತೆ. ಆದ್ರೆ ಹೆಸರು ನೀವು ಬರೆಯೂದಲ್ಲ. ಆ ರೂಪೇಶ ಬಾಯಲ್ಲಿ ಹೇಳ್ಬೇಕು.”

ನೇರಪ್ರಸಾರದಲ್ಲಿ ಮಾನ ಹೋದವನಿಗೆ ಬೇರೆ ದಾರಿ ಇರಲಿಲ್ಲ. ಅಮಾವಾಸ್ಯೆಯ ಸಂಜೆ ಬಂಡೆ ಪೂರ್ತಿ ಹೊರಗೆ ಬಂದಿತ್ತು, ಬಿರುಕಿನಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ರೂಪೇಶ ತಲೆ ತಗ್ಗಿಸಿಕೊಂಡೇ, “ಇದನ್ನು ನನಗೆ ತೋರಿಸಿದವರು ಸೋಮು ಹರಿಕಂತ್ರ. ಅವರು ಹೆದರಿದವರಲ್ಲ. ನಾನು ಸುಳ್ಳು ಹೇಳಿದ್ದೆ” ಎಂದ. ಸಾಕು ಎಂದಳು ವಿನುತಾ.

“ಎಷ್ಟ್ ಸೆಕೆಂಡ್ ಆಯ್ತು?” ಕಲಾವತಿ ಕೇಳಿದಳು.

“ಏಳು” ಎಂದ ಕ್ಯಾಮೆರಾದವನು.

“ಹನ್ನೆರಡು ಆಗ್ಬೇಕು. ಇನ್ನೊಂದ್ಸಲ ಹೇಳು. ನೀರಿಗೆ ಕೈ ಮುಗಿದು ಹೇಳು.”

ರೂಪೇಶ ಕೈ ಮುಗಿದ. ಎಲ್ಲವನ್ನೂ ಮತ್ತೆ ಹೇಳಿದ. ಮಾತು ಮುಗಿದ ಮೇಲೂ ಅವಳು ಎಣಿಸುವವರೆಗೆ ಹಾಗೆಯೇ ನಿಂತಿದ್ದ. ಹನ್ನೆರಡಾದ ಮೇಲೆ ಕಲಾವತಿ ಬಗ್ಗಿ, ಗಂಡನಂತೆಯೇ ಕೈ ಮುಗಿದು, ಬೊಗಸೆ ತುಂಬ ನೀರು ಕುಡಿದಳು. ಸಿಟ್ಟು ಇಳಿದೀತು ಎಂದುಕೊಂಡಿದ್ದಳು. ಇಳಿಯಲಿಲ್ಲ, ಇಳಿಯದಿದ್ದದ್ದೇ ಅವಳಿಗೆ ಸಮಾಧಾನವೆನಿಸಿತು.

ಮರುದಿನ ರೂಪೇಶ ಮೀನುಪೇಟೆಗೆ ಬಂದು, “ಆಯ್ತಲ್ಲ ಕಲಾವತಕ್ಕಾ, ಎಲ್ಲ ಮುಗೀತು. ಒಂದು ಡಜನ್ ಬಂಗಡೆ ಕೊಡಿ” ಎಂದ.

ಅವಳ ಮುಂದೆ ಬುಟ್ಟಿ ತುಂಬ ಬಂಗಡೆಯಿತ್ತು.

“ನಿಂಗಿಲ್ಲ” ಎಂದಳು.