ಕನ್ನಡಿ ಗಾಡಿಯ ಹೊಗೆ

ಅವನನ್ನು ಎಲ್ಲರೂ ಮೆಲ್ಲಣ್ಣ ಎಂದೇ ಕರೆಯುತ್ತಿದ್ದರು. ಗಾಜಿನಂಗಡಿಯಿಂದ ಗಾಜು, ಕನ್ನಡಿಗಳನ್ನು ತನ್ನ ಡೀಸೆಲ್ ಟೆಂಪೋದಲ್ಲಿ ಹೇರಿಕೊಂಡು ಹೇಳಿದ ಜಾಗಕ್ಕೆ ಮುಟ್ಟಿಸುವುದು ಅವನ ಕೆಲಸ. ತಲೆಯಲ್ಲಿ ಕಪ್ಪು ಕೂದಲಿದ್ದ ಕಾಲದಿಂದಲೂ ಇದೇ ಕೆಲಸ, ಇದೇ ಟೆಂಪೋ. ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ, ಎಷ್ಟೇ ಬೈಯಲಿ, ಮಲಗಿದ ಮಗುವಿನ ಬೆನ್ನ ಮೇಲೆ ಕೈಯಿಟ್ಟ ಹಾಗೆ ಅವನ ಕಾಲು ಆಕ್ಸಿಲರೇಟರಿನ ಮೇಲೆ ಇರುತ್ತಿತ್ತು. ತಾನು ಹೊತ್ತ ಗಾಜು ಒಂದೂ ಒಡೆದಿಲ್ಲ ಎನ್ನುವುದು ಅವನ ಹೆಮ್ಮೆ. ಅದನ್ನು ತಾನಾಗಿ ಹೇಳಿಕೊಳ್ಳುತ್ತಿರಲಿಲ್ಲ. ಬೇರೆಯವರು ಹೇಳಿದರೆ ಮಾತ್ರ ತಲೆ ಬಗ್ಗಿಸಿಕೊಂಡು ಪೂರ್ತಿ ಕೇಳಿಸಿಕೊಳ್ಳುತ್ತಿದ್ದ.

ಆ ಬೆಳಗ್ಗೆ ಗಡ್ಡ ಕೆರೆಯುವಾಗ ಅವನು ಗಲ್ಲ ಕೊಯ್ದುಕೊಂಡ. ಕಿಟಕಿಯ ಪಕ್ಕ ಮೊಳೆಗೆ ನೇತುಹಾಕಿದ್ದ ಕನ್ನಡಿ ಅಂಗೈಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅದರಲ್ಲಿ ಮುಖ ನೋಡಿಕೊಳ್ಳಬೇಕಾದರೆ ಕಂತಿನಲ್ಲಿ ನೋಡಿಕೊಳ್ಳಬೇಕಾಗಿತ್ತು.

“ಊರಿಗೆಲ್ಲ ಆಳೆತ್ತರದ ಕನ್ನಡಿ ಹೊತ್ತು ಹಾಕ್ತೀರಿ,” ಎಂದಳು ಹೆಂಡತಿ, ಬಾಚಣಿಗೆ ಹಿಡಿದು ತನ್ನ ಸರದಿಗೆ ಕಾಯುತ್ತ. “ನಮ್ಮನೇಲಿ ನನ್ನ ಹಣೆ ಕಂಡರೆ ಬಾಯಿ ಕಾಣಲ್ಲ.”

“ಬಾಯಿ ಕಾಣದಿದ್ರೂ ಕೇಳಿಸುತ್ತಲ್ಲ.”

“ಹೂಂ, ಹೇಳಿ ಹೇಳಿ. ಮದುವೆಯಾದಾಗಿಂದ ತರ್ತೀನಿ ತರ್ತೀನಿ ಅಂತಿದ್ದೀರಿ.”

“ಮೊದಲು ಗಾಡಿ ಉಳೀಲಿ ಮಾರಾಯ್ತಿ. ಆಮೇಲೆ ಕನ್ನಡಿ.”

ಗಾಡಿಯ ವಿಷಯ ಅವಳಿಗೂ ಗೊತ್ತಿತ್ತು. ಹಿಂದಿನ ತಿಂಗಳು ಮೇಲ್ಸೇತುವೆಯ ಆಚೆ ಹೊಗೆ ತಪಾಸಣೆಯವರು ಅವನನ್ನು ನಿಲ್ಲಿಸಿದ್ದರು. ಸೈಲೆನ್ಸರಿಗೆ ಯಂತ್ರದ ಕೊಳವೆ ತೂರಿಸಿ ನೋಡಿದರೆ ಹೊಗೆ ಮಿತಿ ಮೀರಿತ್ತು. ರಿಪೇರಿ ಮಾಡಿಸಿ ಇಂಥ ದಿನದೊಳಗೆ ಇಲ್ಲೇ ತಂದು ತೋರಿಸು, ಆಗಲೂ ಹೀಗೇ ಬಂದರೆ ಗಾಡಿ ಯಾರ್ಡಿಗೆ, ಪರ್ಮಿಟ್ ರದ್ದು ಎಂದು ಹೇಳಿ ಕಳಿಸಿದ್ದರು. ಯಾರ್ಡನ್ನು ಅವನು ಬಲ್ಲ. ಅಲ್ಲಿಗೆ ಹೋದ ಗಾಡಿಗಳ ಟೈರು ನೆಲಕ್ಕೆ ಅಂಟಿ, ಬಾಗಿಲಲ್ಲಿ ಹುಲ್ಲು ಹುಟ್ಟಿರುತ್ತದೆ. ಈ ವಯಸ್ಸಿನಲ್ಲಿ ಇನ್ನೊಂದು ಗಾಡಿ ಎಂಬ ಮಾತೇ ಇಲ್ಲ. ಕೊಟ್ಟ ಗಡುವು ಇವತ್ತಿಗೆ ಮುಗಿಯುತ್ತಿತ್ತು.

ಹಾಗೆಂದು ಅವನು ಸುಮ್ಮನೆ ಕೂತಿರಲಿಲ್ಲ. ಮೆಕ್ಯಾನಿಕ್ ಹತ್ತಿರ ಫಿಲ್ಟರ್ ಬದಲು ಮಾಡಿಸಿದ್ದ, ನಾಜಲ್ ತೊಳೆಸಿದ್ದ. ಎಮಿಷನ್ ಟೆಸ್ಟ್ ಮಾಡುವ ಅಂಗಡಿಗೂ ಹೋಗಿದ್ದ. ಅಲ್ಲಿಯ ಹುಡುಗಿ ಆಕ್ಸಿಲರೇಟರ್ ಒತ್ತಲು ಹತ್ತಿ ಕೂತಾಗ ಬಾಗಿಲಿಗೆ ಜೋತುಬಿದ್ದು, “ಮೆತ್ತಗೆ ಒತ್ತಮ್ಮ, ಮೆತ್ತಗೆ. ಹಳೇ ಎಂಜಿನ್ನು,” ಎಂದು ಬೇಡಿಕೊಂಡಿದ್ದ. ಅವಳು ಪಾಪ, ಮೆತ್ತಗೇ ಒತ್ತಿದಳು. ಪಾಸ್ ಎಂದು ಕಾಗದ ಬಂತು. ತಾನು ಯಾರಿಗೋ ಮೋಸ ಮಾಡಿದೆ ಎಂದು ಅವನಿಗೆ ಅನಿಸಲೇ ಇಲ್ಲ. ಗಾಡಿಯನ್ನು ಒತ್ತಬೇಕಾದದ್ದೇ ಹಾಗೆ ಎಂದು ಅವನು ನಂಬಿದ್ದ.

ಅಂದಿನ ಸರಕು ಒಂದೇ ಕನ್ನಡಿ. ಹೊಸದಾಗಿ ತೆರೆಯುತ್ತಿದ್ದ ಸಲೂನಿನ ಗೋಡೆಗೆ ಹಾಕಲು ತರಿಸಿದ್ದು, ಒಬ್ಬ ಆಳಿಗಿಂತ ಎತ್ತರ. ಟೆಂಪೋದ ಹಿಂಭಾಗದ ಓರೆ ಮರದ ಚೌಕಟ್ಟಿಗೆ ಅದನ್ನು ಒರಗಿಸಿ, ಮೂಲೆಗಳಿಗೆ ಕಂಬಳಿ ತುಂಡು ಕೊಟ್ಟು, ಹಗ್ಗ ಕಟ್ಟಿದ್ದ. ಗಾಜಿನ ಕೆಲಸ ಕಲಿಸಿದ ಅವನ ಮಾವ ಒಂದು ಮಾತು ಮತ್ತೆ ಮತ್ತೆ ಹೇಳುತ್ತಿದ್ದರು: “ಗಾಜನ್ನ ಬಿಗಿದು ಕಟ್ಟಬೇಡವೋ. ಅದಕ್ಕೂ ಉಸಿರಾಡೋಕೆ ಜಾಗ ಬಿಡು.” ಹಗ್ಗದ ಸಂದಿಯಲ್ಲಿ ಒಂದು ಬೆರಳು ಆಡುವಷ್ಟು ಸಡಿಲ ಬಿಡುವುದು ಅವನಿಗೆ ಉಗುರಿಗಂಟಿದ ಅಭ್ಯಾಸ.

ಮೇಲ್ಸೇತುವೆ ಇಳಿದಾಗ ತಪಾಸಣೆಯವರು ಮರದ ನೆರಳಿನಲ್ಲೇ ಇದ್ದರು. ಜೀಪು, ಮಡಿಸುವ ಮೇಜು, ಅದರ ಮೇಲೆ ಎರಡು ಯಂತ್ರ. ನೆರಳೆಲ್ಲ ಅವರಿಗೆ, ಬಿಸಿಲೆಲ್ಲ ಸಾಲಿನಲ್ಲಿ ನಿಂತ ಗಾಡಿಗಳಿಗೆ. ಮೆಲ್ಲಣ್ಣ ಸಾಲಿನ ಕೊನೆಗೆ ನಿಲ್ಲಿಸಿದ. ಕೂತ. ಮುಂದಿನ ಗಾಡಿ ಅಲುಗಾಡಲಿಲ್ಲ. ಇಳಿದು ಹಿಂದಕ್ಕೆ ಹೋಗಿ ಹಗ್ಗ ಮುಟ್ಟಿ ನೋಡಿದ. ಸರಿಯಾಗಿಯೇ ಇತ್ತು. ಆದರೂ ಒಂದು ಸುತ್ತು ಬಿಗಿದ. ಮತ್ತೆ ಹತ್ತಿ ಕೂತ. ಮುಂದೆ ಯಾರೋ ಜಗಳ ತೆಗೆದರು. ಎಂಜಿನ್ ಬಿಸಿಯಾಗುತ್ತಿತ್ತು, ಬಿಸಿಯಾದರೆ ಹೊಗೆ ಹೆಚ್ಚುತ್ತದೋ ಕಡಿಮೆಯಾಗುತ್ತದೋ ಅವನಿಗೆ ತಿಳಿಯಲಿಲ್ಲ. ಆರಿಸಿದ. ಆರಿಸಿದ್ದು ತಪ್ಪೇನೋ ಎಂದು ಮತ್ತೆ ಶುರು ಮಾಡಿದ. ಮತ್ತೆ ಇಳಿದ. ಇನ್ನೊಂದು ಸುತ್ತು ಬಿಗಿದ.

“ಏನ್ ಮೆಲ್ಲಣ್ಣ, ಕನ್ನಡಿ ಓಡಿಹೋಗುತ್ತಾ?” ಹಿಂದೆ ಬಂದು ನಿಂತಿದ್ದ ಮೊಟ್ಟೆ ಗಾಡಿಯವನು ಕಿಟಕಿಯಿಂದ ತಲೆ ಹೊರಹಾಕಿದ. ಮೊಟ್ಟೆ ಹೇರಿಕೊಂಡೂ ಬೆನ್ನಿಗೆ ಬೆಂಕಿ ಬಿದ್ದವನಂತೆ ಓಡಿಸುವುದರಲ್ಲಿ ಅವನು ಹೆಸರುವಾಸಿ.

“ನಿನ್ನ ಮೊಟ್ಟೆ ನೋಡ್ಕೋ. ಮರಿ ಆಗಿಬಿಟ್ಟಾವು.”

“ಮರಿ ಆದ್ರೆ ಇಳಿದು ತಾವೇ ನಡ್ಕೊಂಡು ಹೋಗ್ತವೆ ಬಿಡು. ಡೀಸೆಲ್ ಉಳೀತು.”

ಅಷ್ಟರಲ್ಲಿ ರಸ್ತೆಯ ಆಚೆ ಬದಿಯಲ್ಲಿ ಒಂದು ಹಳೆಯ ಬಸ್ಸು ಕಪ್ಪು ಹೊಗೆ ಉಗುಳುತ್ತ ಹಾದುಹೋಯಿತು. ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಹಾರ್ನ್ ಒತ್ತಿದರು. ಅದನ್ನು ಯಾರೂ ನಿಲ್ಲಿಸಲಿಲ್ಲ.

ಮೆಲ್ಲಣ್ಣನ ಸರದಿ ಬಂತು. ತಪಾಸಣೆಯ ಅಧಿಕಾರಿ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ ಹೆಂಗಸು. ಬೆಳಗಿನಿಂದ ಬೈಗುಳ ಕೇಳಿ ಕೇಳಿ ಕಣ್ಣು ಕೆಂಪಾಗಿತ್ತು. ಸಹಾಯಕ ಹತ್ತಿ ಕೂತು ಆಕ್ಸಿಲರೇಟರನ್ನು ತಳಮುಟ್ಟ ಒತ್ತಿದ. ಟೆಂಪೋ ಅಷ್ಟು ಜೋರಾಗಿ ಕೂಗಿದ್ದನ್ನು ಮೆಲ್ಲಣ್ಣ ಎಂದೂ ಕೇಳಿರಲಿಲ್ಲ. ಹಿಂದಿನಿಂದ ಕರೀ ಹೊಗೆ ಹೊರಳಿ ಬಂತು. ಕನ್ನಡಿಯಲ್ಲಿ ಅದೇ ಹೊಗೆ ಇನ್ನೊಂದು ಸಲ ಕಂಡಿತು. ಇಷ್ಟು ವರ್ಷ ಅವನು ತನ್ನ ಹೊಗೆಯನ್ನು ಹೀಗೆ ನಿಂತು ನೋಡಿರಲೇ ಇಲ್ಲ. ಅದನ್ನು ನೋಡುತ್ತಿದ್ದವರು ಹಿಂದಿನವರು.

“ಸರ್ಟಿಫಿಕೇಟ್ ಇದೆ ಮೇಡಂ. ಪಾಸಾಗಿದೆ.”

“ಕಾಗದ ಹೊಗೆ ಬಿಡಲ್ಲ, ಗಾಡಿ ಬಿಡುತ್ತೆ.”

“ಆ ಬಸ್ಸನ್ನ ಬಿಟ್ರಲ್ಲ ಮೇಡಂ. ಬಡವರ ಗಾಡಿ ಮಾತ್ರ ಕಾಣುತ್ತಾ?”

“ಅದು ಆ ಕಡೆ. ನನ್ನನ್ನ ನಿಲ್ಲಿಸಿರೋದು ಈ ಕಡೆ.” ಆಕೆ ಹಣೆ ಒರೆಸಿಕೊಂಡಳು. “ನನಗೂ ಕಾಣಿಸ್ತು.”

ಪಕ್ಕದಲ್ಲಿ ಇನ್ನೊಂದು ಯಂತ್ರದಿಂದ ಮೊಟ್ಟೆ ಗಾಡಿಯ ಪರೀಕ್ಷೆಯೂ ನಡೆಯಿತು. ಅದು ಸಲೀಸಾಗಿ ಪಾಸಾಯಿತು. ಮೆಲ್ಲಣ್ಣನಿಗೆ ತಡೆದುಕೊಳ್ಳಲಾಗಲಿಲ್ಲ.

“ಅವನು ಗಾಡೀನ ಚಚ್ಚಿ ಓಡಿಸ್ತಾನೆ ಮೇಡಂ. ನಾನು ಒಂದಿನಾನೂ ಜೋರಾಗಿ ಒತ್ತಿದವನಲ್ಲ.”

ಆಕೆ ಮೊದಲ ಸಲ ಅವನ ಮುಖ ನೋಡಿದಳು. “ಒಂದಿನಾನೂ ಇಲ್ವಾ?”

“ಇಲ್ಲ. ಗಾಜು ಹೊರೋನು ನಾನು.”

“ಅದಕ್ಕೇ ಮತ್ತೆ. ಯಾವಾಗಲೂ ಮೆತ್ತಗೆ ಓಡಿಸಿದ್ರೆ ಮಸಿ ಪೈಪಲ್ಲೇ ಕೂತ್ಕೊಳ್ಳುತ್ತೆ. ನಾವು ಒತ್ತಿದಾಗ ಕೂತಿದ್ದೆಲ್ಲ ಒಟ್ಟಿಗೆ ಬರುತ್ತೆ.” ಆಕೆ ಯಂತ್ರದ ಕೊಳವೆಯನ್ನು ಹೊರಗೆ ತೆಗೆಸಿದಳು. “ಮೊದಲ ಸಲದ್ದು ಲೆಕ್ಕಕ್ಕಿಲ್ಲ. ನೀವೇ ಕೂತು ಪೂರ್ತಿ ಒತ್ತಿ ಬಿಡಿ, ಒತ್ತಿ ಬಿಡಿ. ಮಸಿ ಹೋಗಲಿ. ಆಮೇಲೆ ಅಳೀತೀನಿ. ಆಗಲೂ ಹೀಗೇ ಬಂದ್ರೆ ಯಾರ್ಡಿಗೆ ಬರೀತೀನಿ. ಬೇಜಾರು ಮಾಡ್ಕೋಬೇಡಿ.”

“ಕನ್ನಡಿ ಇದೆ ಮೇಡಂ.”

“ಇಳಿಸ್ಕೊಳ್ಳಿ.”

ಮೊಟ್ಟೆ ಗಾಡಿಯವನು ಕೈ ಒರೆಸಿಕೊಳ್ಳುತ್ತ ಬಂದೇಬಿಟ್ಟ. “ಬಾ ಮೆಲ್ಲಣ್ಣ, ಒಂದು ಕಡೆ ನಾನು ಹಿಡೀತೀನಿ.”

ಮೆಲ್ಲಣ್ಣ ಆ ಕೈಗಳನ್ನು ನೋಡಿದ. ಯಾವುದನ್ನೂ ನಿಧಾನವಾಗಿ ಕೆಳಗಿಟ್ಟು ಗೊತ್ತಿಲ್ಲದ ಕೈಗಳು. “ಬೇಡ,” ಎಂದ. “ಇರಲಿ.” ಕನ್ನಡಿ ಅಲುಗದಂತೆ ಹಗ್ಗವನ್ನು ಇನ್ನೂ ಒಂದು ಸುತ್ತು ಎಳೆದು ಬಿಗಿದ. ಬೆರಳಲ್ಲ, ಉಗುರೂ ಆಡದಷ್ಟು. ಮಾವನ ಮಾತು ಆಗ ಅವನಿಗೆ ನೆನಪಾಗಲಿಲ್ಲ.

ಹತ್ತಿ ಕೂತ. ಒತ್ತಿದ. ಅರ್ಧಕ್ಕೆ ಹೋಗಿ ಕಾಲು ತಾನಾಗಿ ನಿಂತಿತು.

“ಪೂರ್ತಿ,” ಎಂದಳು ಆಕೆ.

ಮತ್ತೆ ಒತ್ತಿದ. ಮತ್ತೆ ಅರ್ಧಕ್ಕೇ ನಿಂತಿತು. ಹಿಂದಿನ ಸಾಲು ಹಾರ್ನ್ ಹೊಡೆಯತೊಡಗಿತು. ಅವನಿಗೆ ಯಾರ್ಡಿನ ಹುಲ್ಲು ಕಂಡಿತು, ಆಚೆ ಬದಿಯ ಬಸ್ಸು ಕಂಡಿತು, ಜೀವಮಾನವೆಲ್ಲ ಬೈಸಿಕೊಂಡು ಮೆಲ್ಲಗೆ ಓಡಿಸಿದ್ದಕ್ಕೆ ಸಿಕ್ಕ ಈ ಬಹುಮಾನ ಕಂಡಿತು. ಹಲ್ಲು ಕಚ್ಚಿ ಕಾಲನ್ನು ತಳಕ್ಕೆ ಇಳಿಸಿದ. ಟೆಂಪೋ ಅರಚಿ ನಡುಗಿತು. ಬಿಟ್ಟ. ಮತ್ತೆ ಇಳಿಸಿದ. ಹೊಗೆ ಕಪ್ಪಾಗಿ, ಬೂದಿಯಾಗಿ, ಕೊನೆಗೆ ಬಿಸಿಲಿನಲ್ಲಿ ಕಂಡೂ ಕಾಣದಷ್ಟು ತೆಳುವಾಯಿತು. ಕೊಳವೆ ತೂರಿಸಿ ಅಳೆದರು.

“ಬಂತು,” ಎಂದಳು ಆಕೆ. “ಅಂಚಿನಲ್ಲಿದೆ, ಆದ್ರೆ ಪಾಸು. ವಾರಕ್ಕೊಂದು ಸಲ ಖಾಲಿ ರಸ್ತೇಲಿ ಜೋರಾಗಿ ಓಡಿಸಿ. ಹೋಗಿ.”

ಮೊಟ್ಟೆ ಗಾಡಿಯವನು ಚಪ್ಪಾಳೆ ತಟ್ಟಿದ. ಮೆಲ್ಲಣ್ಣ ಇಳಿಯಲಿಲ್ಲ. ಕೊನೆಯ ಸಲ ಒತ್ತಿದಾಗ ಆ ಗದ್ದಲದ ನಡುವೆ ಹಿಂದಿನಿಂದ ಸಣ್ಣಗೆ ‘ಟಿಣ್’ ಎಂದದ್ದು ಬೇರೆ ಯಾರಿಗೂ ಕೇಳಿಸಿರಲಿಲ್ಲ.

ಮುಂದೆ ಹೋಗಿ, ಸಾಲು ಕಣ್ಣಿಗೆ ಮರೆಯಾದ ಮೇಲೆ ನಿಲ್ಲಿಸಿ ನೋಡಿದ. ಹಗ್ಗದ ಗಂಟಿನ ಕೆಳಗಿಂದ ಹೊರಟ ಬಿರುಕು ಕನ್ನಡಿಯನ್ನು ಓರೆಯಾಗಿ ಸೀಳಿ ಮೇಲಿನ ಅಂಚಿಗೆ ಮುಟ್ಟಿತ್ತು. ಅದರಲ್ಲಿ ಅವನ ಮುಖದ ಅರ್ಧ ಮೇಲಕ್ಕೆ ಸರಿದಿತ್ತು. ಹಗ್ಗದ ಸಂದಿಗೆ ಬೆರಳು ತೂರಿಸಲು ನೋಡಿದ, ಆಗಲಿಲ್ಲ. ಗಾಡಿ ನಡುಗಿದ್ದರಿಂದ ಅಷ್ಟೇ ಇದು ಒಡೆದದ್ದಲ್ಲ ಎಂದು ಆಗ ತಿಳಿಯಿತು.

ಅಂಗಡಿಗೆ ಫೋನ್ ಮಾಡಬೇಕಿತ್ತು, ಸಲೂನಿನವನಿಗೆ ಹೇಳಬೇಕಿತ್ತು. ಒಡೆದ ಗಾಜಿನ ಬೆಲೆ ಹೊತ್ತವನ ತಲೆಗೆ ಎನ್ನುವುದು ಅವರ ಕಸುಬಿನ ಕರಾರು. ಅವನು ಮೊದಲು ಮನೆಗೆ ಮಾಡಿದ.

“ರೀ, ಗಾಡಿ ಉಳೀತಾ?”

“ಉಳೀತು.”

“ಮತ್ತೆ ಯಾಕೆ ಹೀಗೆ ಮಾತಾಡ್ತಿದ್ದೀರಿ?”

“ಕನ್ನಡಿ ಹೋಯ್ತು. ನಾನೇ ಬಿಗಿದೆ.”

ಆ ಕಡೆ ನಲ್ಲಿ ನೀರು ಬೀಳುವ ಸದ್ದು ನಿಂತಿತು.

“ಎಷ್ಟು ದೊಡ್ಡದು?”

“ನನಗಿಂತ ಎತ್ತರ.”

“ಚೂರಾಗಿದ್ಯಾ?”

“ಇಲ್ಲ. ಒಂದು ಬಿರುಕು. ಓರೆಗೆ.”

“ಹಾಗಾದ್ರೆ ಮನೆಗೇ ತನ್ನಿ,” ಎಂದಳು ಅವಳು. “ಹಣೆ ಬಾಯಿ ಎರಡೂ ಕಂಡರೆ ಸಾಕು. ನಡುವೆ ಒಂದು ಗೆರೆ ಇದ್ರೆ ಇರಲಿ.”

ಮೆಲ್ಲಣ್ಣ ಹಗ್ಗ ಬಿಚ್ಚಿ, ಬೆರಳು ಆಡುವಷ್ಟು ಜಾಗ ಬಿಟ್ಟು ಮತ್ತೆ ಕಟ್ಟಿದ. ಎರಡು ಸಲ ಬೆರಳಾಡಿಸಿ ನೋಡಿದ. ಆಮೇಲೆ ಗಾಡಿ ಹತ್ತಿ, ಕಾಲನ್ನು ಎಷ್ಟು ಇಳಿಸಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದ.