ಇಂಗ್ಲೆಂಡಿನವರ ಹಾಗೆ ಬಿಸಿಲಿಗೆ ಮಲಗಿದ್ದು

ಸಮುದ್ರ ತೀರಕ್ಕೆ ಹೋದರೆ ಬಿಸಿಲಿಗೆ ಮಲಗಬೇಕು, ಇಂಗ್ಲೆಂಡಿನ ದೊರೆಗಳೆಲ್ಲ ಹಾಗೆಯೇ ಮಾಡುವುದು ಎಂದ ನಮ್ಮ ಗೆಳೆಯ ಲಾರೆನ್ಸ್. ಅವನು ಹಡಗಿನ ಕೆಲಸದಲ್ಲಿ ಆ ದೇಶ ನೋಡಿ ಬಂದವನು, ನಾವು ಎದುರು ಮಾತಾಡುವ ಹಾಗಿಲ್ಲ. ಸಾವಿರದ ಒಂಬೈನೂರ ಅರುವತ್ತರ ಆಸುಪಾಸಿನ ಒಂದು ಮಾರ್ಚ್ ತಿಂಗಳು. ಅವನು, ಇನ್ನೊಬ್ಬ ಗೆಳೆಯ ವಿಠಲ, ನಾನು ದೋಣಿಯಲ್ಲಿ ಹೊಳೆ ದಾಟಿ ಕಡಲ ತೀರದ ಬೆಂಗರೆಗೆ ಹೋಗಿ, ನಡು ಮಧ್ಯಾಹ್ನ ಅಂಗಿ ಕಳಚಿ ಮರಳಿನ ಮೇಲೆ ಸಾಲಾಗಿ ಮಲಗಿದೆವು. ಬೆನ್ನು ಕಾವಲಿಗೆ ಹೊಯ್ದ ದೋಸೆಯ ಹಾಗೆ ಚುರ್ರೆಂದಿತು.

ನಮ್ಮ ಮನೆಗೆ ಒಣಮೀನು ತರುವ ಗಿರಿಜಕ್ಕ ಪಕ್ಕದಲ್ಲೇ ಮೀನು ಒಣಗಲು ಹರಡುತ್ತಿದ್ದರು. ಹತ್ತಿರ ಬಂದು ಬಗ್ಗಿ ನೋಡಿದರು.

"ಎಂತ ಮಾರಾಯ್ರೇ, ಹುಷಾರಿಲ್ವಾ?"

"ಇಂಗ್ಲೆಂಡಿನಲ್ಲಿ ಹೀಗೆಯೇ," ಎಂದ ಲಾರೆನ್ಸ್, ಕಣ್ಣು ತೆರೆಯದೆ.

"ಹಾಗಾದ್ರೆ ಮಗುಚಿ ಮಲಗಿ. ಒಂದೇ ಬದಿ ಒಣಗಿದ್ರೆ ಹುಳ ಆಗ್ತದೆ."

ಕಾಗೆ ಓಡಿಸುವ ಕೋಲನ್ನು ನನ್ನ ಕೈಗಿಟ್ಟು, "ಹೇಗೂ ಮಲಗಿದ್ದೀರಲ್ಲ, ಮೀನು ನೋಡಿಕೊಳ್ಳಿ" ಎಂದು ಊಟಕ್ಕೆ ಹೋದವರು ಬಂದದ್ದು ಸಂಜೆಗೆ. ಮೀನು ಕಾಗೆಯ ಪಾಲಾದರೆ ಅಮ್ಮನಿಗೆ ದೂರು ಹೋಗುತ್ತದೆಂದು ಅಲ್ಲಿಯವರೆಗೂ ಕೋಲು ಬೀಸಿದೆ.

ನಾಲ್ಕು ದಿನ ಕಳೆದು ಬುಟ್ಟಿ ಹೊತ್ತು ಬೋಳಾರದ ನಮ್ಮ ಮನೆಗೆ ಬಂದ ಗಿರಿಜಕ್ಕ, ಜಗಲಿಯಲ್ಲಿ ಚರ್ಮ ಸುಲಿದು ಕೂತಿದ್ದ ನನ್ನನ್ನು ನೋಡಿ ಅಮ್ಮನಿಗೆ ಹೇಳಿದರು:

"ಉಪ್ಪು ಹಾಕದೆ ಒಣಗಿಸಿದ್ರೆ ಹೀಗೇ ಆಗುವುದು."